ಸೂರ್ಯ ಮಗ್ಗುಲು ಬದಲಿಸಿದ ದಿನ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನಗುವುದು ನಮ್ಮ ನಡಿಗೆ ನೋಡಿ. ನಗಲಿ ಬಿಡಿ, ಅವರ ಹಲ್ಲು, ಅವರ ಬಾಯಿ. ಸಂತೆಗೆ ಹೊರಟ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಹೋಗುವುದು ನಮ್ಮಲ್ಲಿಲ್ಲ. ನಾಲ್ವರೂ ಬೀದಿಯ ಅಗಲಕ್ಕೆ ಹರಡಿಕೊಂಡು, ಏಡಿಗಳ ಹಾಗೆ ಅಡ್ಡಡ್ಡ ಹೋಗುತ್ತೇವೆ. ಯಾರದಾದರೂ ಮನೆಯಿಂದ ಎದ್ದು ಹೊರಡುವಾಗ ಹಿಂದಕ್ಕೆ ಹೆಜ್ಜೆಯಿಡುತ್ತ, ಹೊಸ್ತಿಲನ್ನು ಹಿಮ್ಮಡಿಯಲ್ಲೇ ತಡವಿಕೊಂಡು ದಾಟುತ್ತೇವೆ. ಬದುಕಿರುವವರಿಗೆ ಬೆನ್ನು ತೋರಿಸಬಾರದು, ಅಷ್ಟೇ. ನಮ್ಮಲ್ಲಿ ಬೆನ್ನು ತೋರಿಸುವುದು ಸತ್ತವರಿಗೆ. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಒಟ್ಟಿಗೆ ಗುಂಡಿಗೆ ಬೆನ್ನು ಮಾಡಿ ನಿಂತು, ಇನ್ನು ನಿನಗೂ ನಮಗೂ ಮುಗಿಯಿತು ಎಂದು ಹೇಳಿ ಮನೆಗೆ ಬರುತ್ತೇವೆ. ಹಾಗಾಗಿ ಜಗಳದಲ್ಲಿ ಏನು ಬೇಕಾದರೂ ಬೈಯಿರಿ, ಅಪ್ಪ ಅಮ್ಮನನ್ನೂ ಎಳೆಯಿರಿ, ನಾಳೆ ರಾಜಿಯಾದೀತು. ಬೆನ್ನು ತಿರುಗಿಸಿದಿರೋ, ಮುಗಿದೇಹೋಯಿತು.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಇಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಒಂದೋ ತೆಂಕು, ಇಲ್ಲವೇ ಬಡಗು. ತೆಂಕಿನವರಿಗೆ ಬಡಗಿನವರು ಎದುರಾದರೆ ಎಳೆತ. ತೆಂಕಿಗೆ ತೆಂಕು, ಬಡಗಿಗೆ ಬಡಗು ಎದುರಾದರೆ ನೂಕು. ಎಷ್ಟೇ ಪ್ರೀತಿಯಿರಲಿ, ನಡುವೆ ಗಾಳಿ ಗಟ್ಟಿಯಾದ ಹಾಗಾಗಿ ಇಬ್ಬರೂ ಹಿಂದಕ್ಕೆ ಜಾರುತ್ತಾರೆ. ನಾನು ಬಡಗು, ನನ್ನ ತಮ್ಮ ಚಿಕ್ಕಬೋರನೂ ಬಡಗು. ಚಿಕ್ಕವರಿದ್ದಾಗ ಅವನಿಗೆ ನಾಲ್ಕು ಬಿಗಿಯಬೇಕೆಂದು ನನ್ನ ಕೈ ಎಷ್ಟು ಸಲ ತುರಿಸಿತೋ! ಹತ್ತಿರ ಹೋಗಲಾದರೆ ತಾನೆ ಬಿಗಿಯುವುದು? ದೂರದಿಂದಲೇ ಹಲಸಿನ ಬೀಜ ಎಸೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮದುವೆಯೆಲ್ಲ ತೆಂಕಿಗೂ ಬಡಗಿಗೂ. ಜಾತಕ ಬೇಡ, ದಲ್ಲಾಳಿ ಬೇಡ. ಹುಡುಗ ಹುಡುಗಿಯನ್ನು ಅಂಗಳದಲ್ಲಿ ಎದುರುಬದುರು ನಿಲ್ಲಿಸಿದರೆ ಹಿರಿಯರ ಮುಂದೆಯೇ ಹೋಗಿ ಢಿಕ್ಕಿ ಹೊಡೆದುಕೊಳ್ಳುತ್ತಾರೆ.

ಈ ಎಳೆತ ನೂಕು ಎಷ್ಟು ಜೋರು ಅನ್ನುವುದು ಸೂರ್ಯನ ಕೈಯಲ್ಲಿದೆ. ಸೂರ್ಯನ ಮೈ ಚೊಕ್ಕಟವಾಗಿರುವ ವರ್ಷಗಳಲ್ಲಿ ಎಲ್ಲವೂ ಮೆತ್ತಗೆ. ನಾನೂ ನನ್ನ ತಮ್ಮನೂ ಒಂದೇ ಜಗಲಿಯ ಎರಡು ತುದಿಯಲ್ಲಿ ಕೂತು ಎಲೆಯಡಿಕೆ ಹಾಕಬಹುದು. ಸೂರ್ಯನಲ್ಲಿ ಕಲೆಗಳು ಹೆಚ್ಚಿದ ವರ್ಷ ನಮ್ಮ ಪಾಡು ಯಾರಿಗೂ ಬೇಡ. ಅವನು ಬೀದಿಯ ಆ ತುದಿಗೆ ಬಂದರೆ ನಾನು ಈ ತುದಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಇನ್ನು ಗಂಡಹೆಂಡಿರ ಕಥೆಯಂತೂ ಕೇಳಲೇಬೇಡಿ. ಮಲಗಿದವರು ಬೆಳಿಗ್ಗೆ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಾರೆ. ಹಾಲು ಕರೆಯಬೇಕು, ಒಲೆ ಹಚ್ಚಬೇಕು, ಕೊಟ್ಟಿಗೆಯಲ್ಲಿ ಎಮ್ಮೆ ಅರಚುತ್ತಿದೆ, ಇವರು ನೋಡಿದರೆ ಅಂಟಿಕೊಂಡು ಬಿದ್ದಿದ್ದಾರೆ.

ಅಂಥವರನ್ನು ಬಿಡಿಸುವ ಕೆಲಸ ನನ್ನ ತಮ್ಮನ ಹೆಂಡತಿ ನಿಂಗಾಜಮ್ಮನದು. ನಾವೆಲ್ಲ ನಿಂಗಾಜಿ ಅನ್ನುತ್ತೇವೆ. ದೋಣಿಯವರು ಹಿಡಿಯುವಂಥ ಉದ್ದನೆಯ ಮರದ ಹುಟ್ಟು ಒಂದನ್ನು ಹೆಗಲ ಮೇಲಿಟ್ಟುಕೊಂಡು ಬೆಳಗ್ಗೆ ಬೆಳಗ್ಗೆ ಮನೆಮನೆಗೂ ಹೋಗುತ್ತಾಳೆ. ಕಣ್ಣು ಮುಚ್ಚಿಕೊಂಡು ಒಳಗೆ ಬರುತ್ತಾಳೆ, ಇಬ್ಬರ ನಡುವೆ ಹುಟ್ಟು ತೂರಿಸಿ, ದೋಸೆ ಎಬ್ಬಿಸಿದ ಹಾಗೆ ಮೆಲ್ಲಗೆ ಎಬ್ಬಿಸುತ್ತಾಳೆ. ಯಾರಿಗೂ ನೋವಾಗದು, ಯಾರಿಗೂ ನಾಚಿಕೆಯಾಗದು. ಹೊರಗೆ ಬಂದು ಯಾರ ಮನೆಯ ಮಾತನ್ನೂ ಇನ್ನೊಂದು ಮನೆಯಲ್ಲಿ ಆಡಳು. ನಾನಾಗಿದ್ದರೆ ಊರಿಗೆಲ್ಲ ಸಾರುತ್ತಿದ್ದೆ. ಹಾಗಾಗಿ ನಿಂಗಾಜಿಯನ್ನು ಕಂಡರೆ ಊರಿಗೆ ಊರೇ ಪ್ರಾಣ ಬಿಡುತ್ತದೆ. ಅವಳಲ್ಲಿ ದೋಷ ಅಂತಿದ್ದರೆ ಒಂದೇ: ಯಾರು ಏನು ಕೇಳಿದರೂ ಅವಳ ಬಾಯಲ್ಲಿ ಇಲ್ಲ ಅನ್ನುವ ಮಾತು ಬರುವುದಿಲ್ಲ. ಬರೀ ದಾಕ್ಷಿಣ್ಯ.

ಇಂಥ ನಿಂಗಾಜಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣುಮಗುವಾಯಿತು. ಹೊಟ್ಟೆಯಲ್ಲಿರುವ ಮಗು ತೆಂಕೂ ಅಲ್ಲ, ಬಡಗೂ ಅಲ್ಲ. ಬಾಣಂತಿಯ ಕತ್ತಲೆ ಕೋಣೆಯಲ್ಲಿರುವವರೆಗೂ ಅಷ್ಟೇ. ಬಿಸಿಲು ಮೈಗೆ ಬಿದ್ದಾಗಲೇ ಅದು ಯಾವ ಕಡೆಯದೆಂದು ಗೊತ್ತಾಗುವುದು. ಬಿಸಿಲು ತೋರಿಸುವ ಶಾಸ್ತ್ರದವರೆಗೂ ನಿಂಗಾಜಿ ಆ ಮಗುವನ್ನು ಎದೆಯಿಂದ ಕೆಳಗಿಳಿಸಲಿಲ್ಲ. ಕೊಡೇ, ಸ್ನಾನ ಮಾಡಿಸ್ತೀನಿ ಅಂದರೂ ಕೊಡಲಿಲ್ಲ. "ಎಲ್ಲಾ ಕೆಲಸಕ್ಕೂ ಹೂಂ ಅನ್ನೋಳು, ಇದೊಂದಕ್ಕೆ ಯಾಕೆ ಇಷ್ಟು ಹಟ?" ಎಂದು ನಾನು ರೇಗಿದ್ದೆ. "ಅಕ್ಕಾ, ಯಾಕೋ ಭಯ" ಅಂದಳು.

ಶಾಸ್ತ್ರದ ದಿನ ಅಂಗಳದಲ್ಲಿ ರಂಗೋಲಿ ಹಾಕಿ, ಮಣೆಯ ಮೇಲೆ ಅವಳನ್ನು ಕೂರಿಸಿದ್ದೆವು. ನಾನು ಎದುರಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಸೆರಗು ಸರಿಸಿದಳು, ಮಗುವಿನ ಹಣೆಗೆ ಬಿಸಿಲು ಬಿತ್ತು. ಅಷ್ಟೇ. ಒದ್ದೆ ಸಾಬೂನು ಕೈಯಿಂದ ಜಾರಿದ ಹಾಗೆ ಮಗು ಅವಳ ಮಡಿಲಿಂದ ಪುಸಕ್ಕನೆ ಜಾರಿ, ಗಾಳಿಯಲ್ಲೇ ಬಂದು ನನ್ನ ಎದೆಗೆ ಅಂಟಿಕೊಂಡಿತು. ಆರತಿ ತಟ್ಟೆ ಒಂದು ಕಡೆ, ನಾನೊಂದು ಕಡೆ. ನಿಂಗಾಜಿ ಎದ್ದು ಓಡಿ ಬಂದಳು. ಬಂದಷ್ಟೂ ಮಗುವನ್ನು ಹಿಡಿದ ನಾನು ಹಿಂದಕ್ಕೆ ಹಿಂದಕ್ಕೆ ಜಾರಿದೆ. ಕೊನೆಗೆ ಬಾವಿಕಟ್ಟೆಗೆ ಒರಗಿ ನಿಂತೆ. "ತೆಂಕು ಕಣೇ" ಅಂದೆ. ಬೇರೆ ಏನು ಹೇಳಲಿ? ಅವಳೂ ತೆಂಕು. ಅವಳು ಅಲ್ಲೇ ನಿಂತು, ಖಾಲಿ ಕೈ ಚಾಚಿಕೊಂಡೇ ಅತ್ತುಬಿಟ್ಟಳು.

ಮಗುವಿಗೆ ಹೊಂಬಾಳಮ್ಮ ಎಂದು ಹೆಸರಿಟ್ಟು, ಹೊಂಬಾಳಿ ಎಂದು ಕರೆದೆವು. ಅಂದಿನಿಂದ ಅವಳನ್ನು ಎತ್ತಿ ಆಡಿಸಿದ್ದು ನಾನು, ನನ್ನ ತಮ್ಮ. ಹಡೆದವಳು ಹಾಲನ್ನು ಬಟ್ಟಲಿಗೆ ಹಿಂಡಿ ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು, ನಾನು ಬತ್ತಿ ಅದ್ದಿ ಕುಡಿಸುತ್ತಿದ್ದೆ. ಉದ್ದನೆಯ ಬಿದಿರುಗಳುವಿನಲ್ಲಿ ಹಿತ್ತಲಿಂದಲೇ ತೊಟ್ಟಿಲು ತೂಗುತ್ತಿದ್ದಳು. ಮಗು ಅನ್ನಕ್ಕೆ ಬಂದ ಮೇಲೆ ಮಾರುದ್ದದ ಹಿಡಿಕೆಯ ಸೌಟು ಮಾಡಿಸಿ, ಅದರಲ್ಲಿ ತುತ್ತು ಚಾಚುತ್ತಿದ್ದಳು. ಸೌಟು ನಡುಗಿ ಅರ್ಧ ಅನ್ನ ಮಗುವಿನ ಕಿವಿಗೆ. ತಾಯಿ ಮಗಳು ಇಬ್ಬರೂ ನಗುತ್ತಿದ್ದರು. ಜೋಗುಳವನ್ನಂತೂ ಬೀದಿಯವರೆಲ್ಲ ಎಚ್ಚರಗೊಳ್ಳುವ ಹಾಗೆ ಹಾಡುತ್ತಿದ್ದಳು, ದೂರಕ್ಕೆ ಕೇಳಿಸಬೇಕಲ್ಲ. ಊರಿನಲ್ಲಿ ಇಂಥ ತಾಯಂದಿರು ಇಲ್ಲದೇನಿಲ್ಲ. ಒಗ್ಗಿಕೊಳ್ಳುತ್ತಾರೆ. ನಿಂಗಾಜಿ ಒಗ್ಗಿಕೊಂಡಂತೆ ಕಾಣುತ್ತಿದ್ದಳು, ಒಗ್ಗಿಕೊಂಡಿರಲಿಲ್ಲ. ಮಗಳು ಬಿಚ್ಚಿಟ್ಟ ಲಂಗವನ್ನು ಒಗೆಯುವ ಮೊದಲು ಮುಖಕ್ಕೆ ಒತ್ತಿಕೊಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಅವಳಿಗಿದ್ದ ಆಸೆ ಒಂದೇ, ಬಿಡುವು. ಹತ್ತು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯ ಮಗ್ಗುಲು ಬದಲಿಸುತ್ತಾನೆ. ಅವನ ತಲೆಯ ತೆಂಕು ಕಾಲಿಗೆ, ಕಾಲಿನ ಬಡಗು ತಲೆಗೆ. ಅವನ ಜೊತೆ ನಾವೂ ಬದಲಾಗುತ್ತೇವೆ, ತೆಂಕಿನವರೆಲ್ಲ ಬಡಗು, ಬಡಗಿನವರೆಲ್ಲ ತೆಂಕು. ಎಲ್ಲರೂ ಒಟ್ಟಿಗೆ ಬದಲಾದರೆ ಏನು ಬಂತು, ನೂಕುವವರು ನೂಕುತ್ತಲೇ ಇರುತ್ತಾರೆ. ಆದರೆ ಆ ಬದಲಾವಣೆಯ ನಡುವೆ ಸ್ವಲ್ಪ ಹೊತ್ತು ಯಾವ ಕಡೆಯೂ ಇರುವುದಿಲ್ಲ. ಎಳೆತವಿಲ್ಲ, ನೂಕಿಲ್ಲ. ಬಿಸಿ ಹಾಲನ್ನು ಆರಿಸಿ ಕುಡಿಯುವಷ್ಟು ಹೊತ್ತು ಯಾರು ಯಾರನ್ನು ಬೇಕಾದರೂ ಅಪ್ಪಿಕೊಳ್ಳಬಹುದು. ಅದನ್ನೇ ಬಿಡುವು ಅನ್ನುವುದು. ಅದಕ್ಕಿಂತ ದೊಡ್ಡ ಹಬ್ಬ ನಮಗಿಲ್ಲ.

ಬಿಡುವು ಯಾವಾಗ ಎಂದು ಹೇಳುವವನು ಜವರಯ್ಯ. ಗೋಡೆಯಲ್ಲಿ ಒಂದೇ ಒಂದು ಸಣ್ಣ ತೂತಿರುವ ಕತ್ತಲೆ ಮನೆಯಲ್ಲಿ ಅವನ ವಾಸ. ಆ ತೂತಿನಿಂದ ಬಂದ ಸೂರ್ಯ ಎದುರಿನ ಸುಣ್ಣದ ಗೋಡೆಯ ಮೇಲೆ ತಟ್ಟೆಯಷ್ಟಗಲ ಬೀಳುತ್ತಾನೆ, ಕಲೆ ಎಲ್ಲ ಸಮೇತ. ಜವರಯ್ಯ ಅದನ್ನೇ ನೋಡುತ್ತ ಕೂತಿರುತ್ತಾನೆ. ಹೊಂಬಾಳಿಗೆ ಒಂಬತ್ತು ತುಂಬಿದ ವರ್ಷ ಕಲೆಗಳು ಹುಚ್ಚಾಪಟ್ಟೆ ಎದ್ದವು. ಈ ಹುಡುಗಿ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದಳು. ಕರೆತರಲು ಹೋದ ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ಕೇಳಿದ್ದೇನೆ.

"ಸೂರ್ಯ ಗಟ್ಟಿ ಗುಂಡು ಅಂದ್ಕೋಬೇಡ ಮಗಾ, ಕುದಿಯೋ ಅಂಬಲಿ ಅವನು" ಅನ್ನುತ್ತಿದ್ದ ಜವರಯ್ಯ, ಕೈಯಲ್ಲೊಂದು ಬುಗುರಿ ಹಿಡಿದು ಅದಕ್ಕೆ ದಾರ ಸುತ್ತುತ್ತ. "ಅವನ ಸೊಂಟ ಬೇಗ ಬೇಗ ಸುತ್ತುತ್ತೆ, ತಲೆ ಕಾಲು ನಿಧಾನ. ತಲೆಯಿಂದ ಕಾಲಿಗೆ ನೆಟ್ಟಗೆ ಎಳೆದಿರೋ ದಾರ ಏನಾಗುತ್ತೆ ಹೇಳು? ಸೊಂಟದ ಹತ್ರ ಮುಂದಕ್ಕೆ ಮುಂದಕ್ಕೆ ಹೋಗಿ ಸುತ್ಕೊಳ್ಳುತ್ತೆ. ಸುತ್ತಿ ಸುತ್ತಿ ಹುರಿಯಾಗುತ್ತೆ. ಹುರಿ ಬಿಗಿಯಾದರೆ ತಡೆಯೋಕಾಗದೆ ಅಲ್ಲಲ್ಲಿ ಕುಣಿಕೆ ಥರ ಮೈಯಿಂದ ಆಚೆ ಎದ್ದು ನಿಲ್ಲುತ್ತೆ. ಕುಣಿಕೆಯ ಎರಡು ಕಾಲು ಊರಿದ ಜಾಗವೇ ಕಲೆ. ಅಲ್ಲಿ ಒಳಗಿನ ಕುದಿಯನ್ನ ದಾರ ಮೇಲಕ್ಕೆ ಬಿಡಲ್ಲ, ಅದಕ್ಕೇ ಆ ಜಾಗ ಒಂಚೂರು ಆರಿ ಕಪ್ಪಗೆ ಕಾಣೋದು. ಒಂದು ಕಾಲು ತೆಂಕು, ಇನ್ನೊಂದು ಬಡಗು. ನೋಡು, ಎಲ್ಲಾ ಜೋಡಿ ಜೋಡಿ."

"ಒಂಟಿ ಕಲೆ ಇಲ್ವಾ ತಾತ? ಬರೀ ತೆಂಕು?"

"ಒಂಟಿ ಥರ ಕಂಡರೂ ಜೊತೆಯದು ಅಲ್ಲೇ ಎಲ್ಲೋ ಮಬ್ಬಾಗಿ ಹರಡಿಕೊಂಡಿರುತ್ತೆ. ಬರೀ ಒಂದು ಕಡೆ ಅನ್ನೋದು ಸೂರ್ಯನಲ್ಲೇ ಇಲ್ಲ."

"ಮತ್ತೆ ನಮಗೆ ಮಾತ್ರ ಯಾಕೆ ಒಂದೇ ಕಡೆ?"

"ಹೋಗೇ, ನಿಮ್ಮತ್ತೆ ಕರೀತಾವ್ಳೆ" ಅಂದ ಜವರಯ್ಯ.

ಯುಗಾದಿ ಕಳೆದ ಮೇಲೆ ಒಂದು ದಿನ ಜವರಯ್ಯ ಬೀದಿಗೆ ಬಂದು, ಬರುವ ಹುಣ್ಣಿಮೆಯೊಳಗೆ ಬಿಡುವು ಎಂದು ಸಾರಿದ. ಊರು ಎದ್ದು ಕುಣಿಯಿತು. ಯಾರು ಯಾರನ್ನು ಅಪ್ಪಿಕೊಳ್ಳುವುದೆಂದು ಮನೆಮನೆಯಲ್ಲೂ ಚರ್ಚೆ. ಬಡಗಿನ ಅಣ್ಣತಮ್ಮಂದಿರು, ತೆಂಕಿನ ಗೆಳತಿಯರು ಬೀದಿಯ ಆ ತುದಿ ಈ ತುದಿಯಲ್ಲಿ ನಿಂತು ಕೂಗಿ ಕೂಗಿ ಮಾತಾಡಿಕೊಂಡರು. ಆಮೇಲೆ ಶುರುವಾಯಿತು ನೋಡಿ, ನಿಂಗಾಜಿಯ ಮನೆ ಮುಂದೆ ಜಾತ್ರೆ. ಊರಿನ ಅರ್ಧ ಹೆಂಗಸರು ತೆಂಕು, ಅವರಾರೂ ಹಿಂದಿನ ಬಿಡುವಿನಿಂದೀಚೆಗೆ ನಿಂಗಾಜಿಯನ್ನು ಒಂದು ದಿನವೂ ಮುಟ್ಟಿದವರಲ್ಲ. "ನಿಂಗಾಜಮ್ಮಾ, ಅವತ್ತು ನನ್ನನ್ನೊಂದು ಸಲ ಅಪ್ಕೋಬೇಕು ಕಣವ್ವಾ!" ಎಂದು ದೂರದಿಂದ ಒಬ್ಬಳು ಕೂಗಿದರೆ ಇವಳು "ಆಗಲಕ್ಕ" ಅಂದಳು. ಇನ್ನೊಬ್ಬಳು ಕೂಗಿದರೆ ಅದಕ್ಕೂ ಆಗಲಿ. ಅವಳ ಅತ್ತಿಗೆ, ಹೆರಿಗೆಯ ದಿನ ಬಾಗಿಲಾಚೆಯಿಂದಲೇ ಕೂಗಿ ಹೇಳಿಕೊಟ್ಟ ಸೂಲಗಿತ್ತಿ, ಸೊಪ್ಪು ಮಾರುವ ಮುದುಕಿ, ಎಲ್ಲರಿಗೂ ಆಗಲಿ.

ನನಗೆ ತಲೆ ಕೆಟ್ಟುಹೋಯಿತು. "ಏನೇ ಇದು? ಇರೋದು ಒಂದು ಲೋಟ ಹಾಲಿನ ಹೊತ್ತು. ಊರಿಗೆಲ್ಲ ಹಂಚಿದರೆ ಮಗಳಿಗೆ ಏನು ಉಳಿಯುತ್ತೆ, ಕೆನೆಯಾ?"

"ಮಗಳೇ ಮೊದಲು ಅಕ್ಕಾ. ಉಳಿದ ಹೊತ್ತು ಬೇರೆಯೋರಿಗೆ. ಪಾಪ, ಅಷ್ಟು ಆಸೆಯಿಂದ ಕೇಳ್ತಾರೆ."

"ನಿನ್ನ ಪಾಪ ಬೆಂಕಿಗೆ ಬಿತ್ತು!"

ಹೊಂಬಾಳಿಯ ತಯಾರಿ ಬೇರೆ. ಅವಳು ನನ್ನನ್ನೇ ಅಮ್ಮ ಎಂದುಕೊಂಡು ಅಪ್ಪಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. "ಅತ್ತೆ, ಕೈ ಮೇಲಿಂದ ಹಾಕೋದಾ, ಕಂಕುಳ ಕೆಳಗಿಂದಲಾ? ಅವ್ವ ನಿನ್ನಷ್ಟು ದಪ್ಪ ಇಲ್ಲ, ಬಿಗಿಯಾಗಿ ಹಿಡಿದರೆ ನೋವಾಗುತ್ತಾ?" ಎಂದು ಕೇಳುತ್ತಿದ್ದಳು. ಕಲೆಯ ವರ್ಷವಲ್ಲವೇ, ಒಮ್ಮೆ ಅಂಟಿಕೊಂಡರೆ ಅವಳನ್ನು ನನ್ನಿಂದ ಬಿಡಿಸಲು ಹುಟ್ಟೇ ಬೇಕಾಗುತ್ತಿತ್ತು. ನಿಂಗಾಜಿ ಬಾಗಿಲಾಚೆ ನಿಂತು, ಕೈ ಉದ್ದ ಮಾಡಿ ಹುಟ್ಟು ತೂರಿಸಿ ಬಿಡಿಸುತ್ತಿದ್ದಳು. ಬಿಡಿಸುವಾಗ ಮಗಳ ಮುಖವನ್ನೇ ನೋಡುತ್ತಿದ್ದಳು.

ಇವತ್ತೇ ಬಿಡುವು ಎಂದು ಜವರಯ್ಯ ಹೇಳಿದ ದಿನ ಮಧ್ಯಾಹ್ನ ಊರೆಲ್ಲ ಹುಲ್ಲಿನ ಮೈದಾನದಲ್ಲಿ ಸೇರಿತು. ಆಕಾಶ ಹಗಲಿನಲ್ಲೇ ಅಂಚಿನಲ್ಲಿ ಕೆಂಪಾಗಿತ್ತು. ನೂಕು ಅಷ್ಟು ಜೋರಿದ್ದುದರಿಂದ ಒಂದು ತೆಂಕು ಒಂದು ಬಡಗು, ಒಂದು ತೆಂಕು ಒಂದು ಬಡಗು ಎಂದು ದೊಡ್ಡ ವೃತ್ತ ಮಾಡಿ, ಪಕ್ಕದವರ ನಡುವೆ ಒನಕೆ, ಮಣೆ, ಬಾಗಿಲ ಹಲಗೆ ಏನಾದರೊಂದು ಅಡ್ಡ ಕೊಟ್ಟು ನಿಂತಿದ್ದೆವು. ತಾಯಿ ವೃತ್ತದ ಆ ಬದಿ, ಮಗಳು ನೇರ ಈ ಬದಿ, ನನ್ನ ಪಕ್ಕದಲ್ಲಿ. ಮಧ್ಯದಲ್ಲಿ ಮೂರು ಕಾಲಿನ ಕಂಬಕ್ಕೆ ಹಗ್ಗ ಕಟ್ಟಿ ಕರೀ ತೂಗುಗಲ್ಲು ನೇತುಹಾಕಿದ್ದರು. ಆ ಕಲ್ಲಿನ ಮೂತಿ ಯಾವಾಗಲೂ ಒಂದೇ ದಿಕ್ಕಿಗೆ. ಅದು ಹಿಡಿತ ಬಿಟ್ಟು ತಿರುಗತೊಡಗಿದರೆ ಬಿಡುವು ಬಂತೆಂದು ಅರ್ಥ. ತಿರುಗಿ, ಎದುರು ದಿಕ್ಕಿಗೆ ಮೂತಿ ಮಾಡಿ ನಿಂತರೆ ಮುಗಿಯಿತೆಂದು.

"ಅಲ್ಲಾಡಬೇಡ ಕಂದಾ!" ಎಂದು ನಿಂಗಾಜಿ ಆ ಕಡೆಯಿಂದ ಕೂಗಿದಳು. "ಜನ ನುಗ್ತಾರೆ, ನೀನು ಅವರೊಳಗೆ ಸೇರ್ಕೊಂಡ್ರೆ ನಾನು ಎಲ್ಲಿ ಅಂತ ಹುಡುಕಲಿ? ನಿಂತಲ್ಲೇ ನಿಂತಿರು, ನಾನೇ ಬರ್ತೀನಿ!"

"ಹೂಂ ಅವ್ವಾ!" ಎಂದಳು ಹೊಂಬಾಳಿ. ಎರಡು ಕೈಯನ್ನೂ ಚಾಚಿ, ಕಾಲು ಊರಿ ನಿಂತಳು.

ಕಲ್ಲು ಒಮ್ಮೆ ನಡುಗಿತು. ಆಮೇಲೆ ನಿದ್ದೆ ಬಂದವರ ತಲೆಯ ಹಾಗೆ ವಾಲಿ, ಮೆಲ್ಲಗೆ ತಿರುಗತೊಡಗಿತು. ಮೈಯಿಂದ ಏನೋ ಭಾರ ಇಳಿದಂತಾಯಿತು. ಜವರಯ್ಯ "ಬಿಡುವೋ!" ಎಂದು ಅರಚಿದ. ಅಷ್ಟೇ, ಮೈದಾನ ಮೈದಾನವಾಗಿ ಉಳಿಯಲಿಲ್ಲ. ನನ್ನ ತಮ್ಮ ಚಿಕ್ಕಬೋರ ಎಲ್ಲಿಂದ ಬಂದನೋ, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ. ನಲವತ್ತರ ಗಂಡಸು, ಬೆವರಿನ ವಾಸನೆ, ಮುಳ್ಳು ಗಡ್ಡ. ನನಗೆ ಅಳು ತಡೆಯಲಾಗಲಿಲ್ಲ. ಹಳೆಯ ಬಾಕಿಗೆಂದು ಬೆನ್ನಿಗೆ ಎರಡು ಗುದ್ದೂ ಗುದ್ದಿದೆ. ಕಣ್ಣೊರೆಸಿಕೊಂಡು ನೋಡುತ್ತೇನೆ, ನನ್ನ ಪಕ್ಕದಲ್ಲಿ ಹುಡುಗಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಾಳೆ.

ನಿಂಗಾಜಿ ಓಡಿ ಬರುತ್ತಿದ್ದಳು. ಬರುವ ದಾರಿಯಲ್ಲೇ ಇತ್ತಲ್ಲ ಊರಿನ ಅಕ್ಕರೆ ಅಷ್ಟೂ. ಮೊದಲು ಅತ್ತಿಗೆ ಬಂದು ಕುತ್ತಿಗೆಗೆ ಬಿದ್ದಳು. "ಒಂದೇ ಗಳಿಗೆ, ನಿಂಗಾಜಿ!" ಅವಳನ್ನು ಬಿಡಿಸಿಕೊಂಡು ಎರಡು ಹೆಜ್ಜೆ ಇಟ್ಟರೆ ಸೂಲಗಿತ್ತಿ. ಅವಳ ಹಿಂದೆ ಗೆಳತಿಯರ ಹಿಂಡು. ಒಬ್ಬಳು ಮುತ್ತಿಟ್ಟಳು, ಒಬ್ಬಳು ಅತ್ತಳು, ಒಬ್ಬಳು ಮುಡಿದ ಹೂವನ್ನೇ ಕಿತ್ತು ಇವಳ ತುರುಬಿಗೆ ಸಿಕ್ಕಿಸತೊಡಗಿದಳು. ಎಲ್ಲರನ್ನೂ ಬಿಡಿಸುವವಳಿಗೆ ತನ್ನನ್ನು ಬಿಡಿಸಿಕೊಳ್ಳಲು ಬರಲಿಲ್ಲ. "ಮಗಳು, ನನ್ನ ಮಗಳು" ಅನ್ನುತ್ತಿದ್ದಾಳೆ, ನಗುತ್ತಲೂ ಇದ್ದಾಳೆ, ಯಾರ ಕೈಯನ್ನೂ ತಳ್ಳಲಾರಳು. ನಾನು "ಬಿಡ್ರೇ ಅವಳನ್ನ, ನಿಮ್ಮ ಮನೆ ಹಾಳಾಗ!" ಎಂದು ಕಿರುಚಿದೆ. ಆ ಗಲಾಟೆಯಲ್ಲಿ ಕೇಳುವವರಾರು? ಸೊಪ್ಪಿನ ಮುದುಕಿಯನ್ನು ದಾಟಿದಾಗ ಅವಳಿಗೂ ಮಗಳಿಗೂ ನಡುವೆ ಇದ್ದುದು ಎರಡು ಮಾರು. ನಿಂಗಾಜಿ ಕೈ ಚಾಚಿದಳು. ಕಲ್ಲು ಗಕ್ಕನೆ ನಿಂತಿತು.

ಮೈದಾನದ ತುಂಬ ಜನ ಹುರುಳಿ ಚೆಲ್ಲಿದ ಹಾಗೆ ಚದುರಿದರು. ನನ್ನ ತಮ್ಮ ಒಂದು ಕಡೆ ಉರುಳಿದ, ನಾನೊಂದು ಕಡೆ. ನಿಂಗಾಜಿ ಹಿಂದಕ್ಕೆ ಜಾರಿ ಹೋಗಿ ಹುಲ್ಲಿನ ಮೇಲೆ ಕುಕ್ಕರಿಸಿದಳು. ಹೊಂಬಾಳಿ ಅಷ್ಟೇ ದೂರ ಈ ಕಡೆಗೆ ಹಾರಿಬಿದ್ದು ಎದ್ದು ನಿಂತಳು. ಕೈ ಇನ್ನೂ ಚಾಚಿಯೇ ಇತ್ತು. ಮೆಲ್ಲಗೆ ಕೆಳಗಿಳಿಸಿದಳು.

"ಅಲ್ಲಾಡಬೇಡ ಅಂದೆ. ಅಲ್ಲಾಡಲಿಲ್ಲ" ಅಂದಳು.

"ಕಂದಾ..."

"ಊರಿಗೆಲ್ಲ ಸಿಕ್ಕೆ. ಆ ಸೊಪ್ಪಿನಜ್ಜಿಗೂ ಸಿಕ್ಕೆ. ನನಗೆ ಮಾತ್ರ ಇಲ್ಲ. ಇನ್ನು ಹನ್ನೊಂದು ವರ್ಷ ಅವ್ವಾ! ಅಷ್ಟರೊಳಗೆ ನಾನೇ ದೊಡ್ಡೋಳಾಗಿರ್ತೀನಿ!" ಅವಳ ಮುಖವೆಲ್ಲ ಕೆಂಪಾಯಿತು. "ನೀನು ನನಗೆ ಬೇಡ. ಬೇಡವೇ ಬೇಡ."

ಎಂದವಳೇ, ಎಲ್ಲರೂ ನೋಡುತ್ತಿರುವಂತೆ, ಹೆತ್ತ ತಾಯಿಗೆ ಬೆನ್ನು ತಿರುಗಿಸಿದಳು.

ಯಾರೋ "ಅಯ್ಯೋ ಶಿವನೇ" ಅಂದರು. ನಿಂಗಾಜಿಯ ಮುಖ ಬಿಳುಚಿತು. ನಾನು ಆ ಹುಡುಗಿಯನ್ನು ಹಿಡಿದು ತಿರುಗಿಸಬೇಕೆಂದು ಅವಳ ಬೆನ್ನ ಹಿಂದೆ ಓಡಿದೆ. ಒಂಬತ್ತು ವರ್ಷ ಸೊಂಟದ ಮೇಲೆ ಹೊತ್ತ ಮಗು, ಯಾವತ್ತೂ ನನ್ನನ್ನು ಎಳೆದುಕೊಂಡದ್ದೇ ಹೊರತು ನೂಕಿದ್ದಿಲ್ಲ. ಆವತ್ತು ನೂಕಿತು. ಗೂಳಿ ಗುದ್ದಿದ ಹಾಗೆ ನಾನು ಪಕ್ಕಕ್ಕೆ ಎಗರಿಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ: ಹೊಂಬಾಳಿ ಹಿಂದಕ್ಕೆ ಜಾರುತ್ತಿದ್ದಳು. ಬೇಡ ಬೇಡವೆಂದು ಹಿಮ್ಮಡಿ ಊರಿದಳು, ಹುಲ್ಲು ಕಿತ್ತುಬಂತು. "ಯಾರು ಎಳೀತಿರೋದು? ಬಿಡಿ ನನ್ನ!" ಎಂದು ಕೂಗುತ್ತಲೇ, ಬರಬರನೆ ಹಿಂದಕ್ಕೆ ಹೋಗಿ, ಕೂತಿದ್ದ ನಿಂಗಾಜಿಯ ಎದೆಗೆ ಧಪ್ಪೆಂದು ಬಂದು ಬಿದ್ದಳು. ತಾಯಿ ಮಗಳು ಇಬ್ಬರೂ ಅಂಗಾತ.

"ಬಿಡು ನನ್ನ!" ಎಂದು ಹುಡುಗಿ ಕಾಲು ಬಡಿದಳು.

"ನಾನೆಲ್ಲಿ ಹಿಡಿದಿದ್ದೀನಿ?" ಅಂದಳು ನಿಂಗಾಜಿ. ನಿಜಕ್ಕೂ ಹಿಡಿದಿರಲಿಲ್ಲ. ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿಟ್ಟುಕೊಂಡಿದ್ದಳು, ಎಲ್ಲಿ ಮುಟ್ಟಿದರೆ ಹೊರಟುಹೋಗುತ್ತದೋ ಎನ್ನುವ ಹಾಗೆ.

ಹೊಂಬಾಳಿ ಕಾಲು ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ನಿಂಗಾಜಿಯ ಕೈಗಳು ಒಂದೊಂದಾಗಿ ಕೆಳಗಿಳಿದು ಮಗಳ ಹೊಟ್ಟೆಯ ಮೇಲೆ ಕೂತವು. ಮಗಳ ನೆತ್ತಿಗೆ ಮೂಗಿಟ್ಟು ಉಸಿರೆಳೆದುಕೊಂಡಳು. ನಾನು ಅಳು ನುಂಗಿಕೊಂಡು ನೋಡುತ್ತಿದ್ದೇನೆ, ಈಗ ಏನು ಹೇಳುತ್ತಾಳೋ ಎಂದು. ತಲೆಯೆತ್ತಿ ನನ್ನ ಕಡೆ ನೋಡಿ, "ಅಕ್ಕಾ, ಈ ಮಗುವಿನ ತಲೆಗೆ ಎಣ್ಣೆ ಕಂಡು ಎಷ್ಟು ದಿನ ಆಯ್ತು?" ಅಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಸಾಕಿದವಳಿಗೆ ಇದಾ ಮಾತು? ಬೈಯೋಣವೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ನನ್ನ ನಗು ನೋಡಿ ನಿಂಗಾಜಿ ನಕ್ಕಳು, ಅವಳ ಹೊಟ್ಟೆ ಕುಲುಕಿ ಹೊಂಬಾಳಿಯೂ ಕುಲುಕಿದಳು. ಜವರಯ್ಯ ಮಾತ್ರ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. "ಎರಡು ಕಾಲು! ಎರಡು ಕಾಲು! ಮುಂದೆ ತೆಂಕಾದರೆ ಹಿಂದೆ ಬಡಗು! ಗೋಡೆ ಮೇಲೆ ದಿನಾ ನೋಡ್ತಾ ಕೂತಿದ್ದೀನಲ್ಲೋ, ಥೂ ನನ್ನ!"

ಮಕ್ಕಳಿಗೆ ಒಂದು ವಿದ್ಯೆ ಸಿಕ್ಕರೆ ಬಿಡುತ್ತಾರೆಯೇ? ಹೊಂಬಾಳಿ ಮಡಿಲಲ್ಲೇ ಹೊರಳಿ ತಾಯಿಯ ಕಡೆ ಮುಖ ಮಾಡಿದಳು. ಎರಡು ಮಾರು ಆಚೆ ಹಾರಿಬಿದ್ದಳು. ಅಲ್ಲಿ ಎದ್ದು ಬೆನ್ನು ತಿರುಗಿಸಿದಳು. ಸರ್ರನೆ ಬಂದು ಮಡಿಲಿಗೆ ಬಿದ್ದಳು. ಮತ್ತೆ ತಿರುಗಿದಳು, ಮತ್ತೆ ಹಾರಿದಳು. ನಗು ತಡೆಯಲಾಗದೆ ಬಿಕ್ಕಳಿಕೆ ಬಂತು. ಇದನ್ನು ನೋಡಿ ಇನ್ನೊಬ್ಬಳ ಮಗ ತನ್ನ ತಾಯಿಗೆ ಬೆನ್ನು ಹಾಕಿದ. ಅವನ ಅಪ್ಪ "ಏಯ್, ಮರ್ಯಾದೆ!" ಎಂದು ಗದರುವಷ್ಟರಲ್ಲಿ ಹುಡುಗ ತಾಯಿಯ ತೋಳಲ್ಲಿದ್ದ. ಆಮೇಲೆ ದೊಡ್ಡವರು. ಮೊದಲು ನಾಚಿಕೆ, ಮುಸಿಮುಸಿ ನಗು, 'ನೀನು ತಿರುಗು, ನೀನು ತಿರುಗು' ಎನ್ನುವ ತಕರಾರು. ಹುಟ್ಟಿದಾಗಿನಿಂದ ಯಾರಿಗೂ ಬೆನ್ನು ತೋರಿಸದವರಿಗೆ ಅದು ಬಟ್ಟೆ ಬಿಚ್ಚಿದಷ್ಟೇ ಕಷ್ಟ. ಚಿಕ್ಕಬೋರ ನನ್ನ ಕಡೆ ನೋಡಿದ. "ನೀನೇ ತಿರುಗೋ, ನಾನು ದೊಡ್ಡೋಳು" ಅಂದೆ. ತಿರುಗಿದ, ಬಂದು ನನ್ನ ಎದೆಗೆ ಬಡಿದುಕೊಂಡ. ಆ ಮುಳ್ಳು ಗಡ್ಡದ ಕಾಟವೂ ಇರಲಿಲ್ಲ. ಸಂಜೆಯವರೆಗೂ ಮೈದಾನದಲ್ಲಿ ಜನ ತಿರುಗುವುದು, ಹಾರುವುದು, ಬೀಳುವುದು. ಮಾಡಿ ತಂದ ಕಜ್ಜಾಯವನ್ನು ಕೇಳುವವರೇ ಇರಲಿಲ್ಲ. ಇಬ್ಬರು ಮುದುಕಿಯರು ಮಾತ್ರ ಮರದಡಿ ಸುಮ್ಮನೆ ಕೂತಿದ್ದರು. ಅವರಿಗೆ ಇದು ಮೊದಲೇ ಗೊತ್ತಿತ್ತೆಂದು ನನಗೆ ಈಗಲೂ ಅನುಮಾನ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ನಿಂಗಾಜಿ ಮುಖವನ್ನೂ ತೊಳೆಯದೆ ಜಗಲಿಯಲ್ಲಿ ಕೂತು, ಎಣ್ಣೆ ಬಟ್ಟಲು, ಬಾಚಣಿಗೆ ತರಿಸಿದಳು. ಕೈಯಾಡಲು ಜಾಗ ಬೇಕಲ್ಲ, ನಡುವೆ ಎರಡು ದಿಂಬು ಅಡ್ಡ ಕೊಟ್ಟು ಮಗಳನ್ನು ಬೆನ್ನು ಮಾಡಿ ಕೂರಿಸಿಕೊಂಡಳು. ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹಾಕುವುದು ಎದುರು ಕೂತು, ತಲೆಯ ಮೇಲಿಂದ ಕೈ ಹಾಯಿಸಿ, ಅಂದಾಜಿನ ಮೇಲೆ. ಹಿಂದೆ ಕೂತು ಬೈತಲೆ ತೆಗೆದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಎಣ್ಣೆ ತಟ್ಟಿದಳು, ಸಿಕ್ಕು ಬಿಡಿಸಿದಳು, ಬೈತಲೆ ನೆಟ್ಟಗೆ ಬಂತು. ಕೂದಲನ್ನು ಮೂರು ಪಾಲು ಮಾಡಿ, ಎರಡು ಹೆಣಿಗೆ ಹಾಕಿ ನಿಲ್ಲಿಸಿದಳು. ಏನಾಯಿತೆಂದು ನಾನು ತಲೆಯೆತ್ತಿದೆ.

"ಹೀಗೆ ಕೂತರೆ ನಿನ್ನ ಮುಖ ಕಾಣಲ್ವಲ್ಲೇ ಕಂದಾ" ಅಂದಳು ನಿಂಗಾಜಿ.

"ಇಷ್ಟು ವರ್ಷ ಬರೀ ಮುಖಾನೇ ನೋಡಿದ್ದೀಯಲ್ಲವ್ವಾ, ಸಾಲದಾ?" ಅಂದಳು ಹೊಂಬಾಳಿ. "ಬಿಗಿಯಾಗಿ ಹೆಣಿ."